ಪಾಲಿಶ್ ಆದ ಬೆನ್ನು

"ಇದರ ಬೆನ್ನಲ್ಲಿದ್ದ ಹೆಸರು ಎಲ್ಲಿ, ಲತೀಫಾಕ?" ಹರಾಜು ಕಚೇರಿಯ ಹರಿನಾಥ ಚಿನ್ನದ ಕೈಗಡಿಯಾರವನ್ನು ಮಗುಚಿ ಹಿಡಿದು ಕೇಳಿದ. ಮೇಜಿನ ಮೇಲೆ 1996ರ ಈ ಹರಾಜಿನ ಕ್ಯಾಟಲಾಗು ತೆರೆದಿತ್ತು. ಅದರ ಫೋಟೋದಲ್ಲಿ ಮಾತ್ರ, ಮುತ್ತಿನ ವ್ಯಾಪಾರಿಯೊಬ್ಬರು ತಮ್ಮ ಡ್ರೈವರನಿಗೆ ಉಡುಗೊರೆ ಕೊಡುವಾಗ ಕೆತ್ತಿಸಿದ್ದ ಅರಬಿ ಅಕ್ಷರಗಳು ಕೂದಲೆಳೆಯಷ್ಟು ತೆಳ್ಳಗೆ ಉಳಿದಿದ್ದವು: ಮೊಯಿದಿನಬ್ಬ. ಲತೀಫನ ತೀರಿಹೋದ ಭಾವನ ಹೆಸರು, ಪಕ್ಕದಲ್ಲೇ ಕೂತಿದ್ದ ಅಕ್ಕ ರುಕಿಯಮ್ಮನ ಗಂಡ.

ಬಹರೇನಿನ ಮುಹರ್ರಕ್‌ನ ಅಬ್ದುಲ್ ಲತೀಫನ ರಿಪೇರಿ ಅಂಗಡಿಯಿಂದ ಮೂವತ್ತು ವರ್ಷದಲ್ಲಿ ಒಂದು ಗಡಿಯಾರವೂ ಪಾಲಿಶ್ ಆಗದೆ ಹೊರಗೆ ಹೋದದ್ದಿಲ್ಲ. ಕ್ಯಾಟಲಾಗಿಗೆ ಫೋಟೋ ತೆಗೆಸಿದ ಮೇಲೆ, ಎಣ್ಣೆ ಹಾಕಿ ಕೊಡುತ್ತೇನೆಂದು ಇದನ್ನು ತಾನೇ ವಾಪಸು ಒಯ್ದಿದ್ದ. ಅಕ್ಕನ ಗಡಿಯಾರ ಅಷ್ಟು ಜನರ ಮುಂದೆ ಮಂಕಾಗಿ ಕಾಣಬಾರದೆಂದು ಪಾಲಿಶ್ ಚಕ್ರಕ್ಕೂ ಹಿಡಿದಿದ್ದ. ಸವೆದ ಅಕ್ಷರಗಳು ಅವನ ಕಣ್ಣಿಗೆ ಬರೀ ಗೀರುಗಳಾಗಿ ಕಂಡಿದ್ದವು.

"ಹಳೆ ಗಡಿಯಾರಕ್ಕೆ ಯಾರಾದ್ರೂ ಪಾಲಿಶ್ ಮಾಡ್ತಾರಾ ಮಾರಾಯ್ರೆ! ಆ ಹೆಸರು ಉಂಟು, ಮುತ್ತಿನ ವ್ಯಾಪಾರಿ ಕೊಟ್ಟದ್ದಕ್ಕೆ ಅದೇ ಸಾಕ್ಷಿ ಅಂತಲೇ ನಾವು ಇದನ್ನು ಹರಾಜಿಗೆ ತಗೊಂಡದ್ದು," ಎಂದ ಹರಿನಾಥ.

"ಚಂದ ಕಾಣ್ಲಿ ಅಂತ ಮಾಡಿದ್ದು, ಅಕ್ಕಾ," ಎಂದು ಲತೀಫ್ ಪಕ್ಕಕ್ಕೆ ತಿರುಗಿದ. ರುಕಿಯಮ್ಮ ಗಂಡನ ಗಡಿಯಾರವನ್ನು ಕೈಗೆ ತೆಗೆದುಕೊಂಡು ಅದರ ಬೆನ್ನನ್ನು ಹೆಬ್ಬೆರಳಿನಿಂದ ಸವರಿದರು. ಹೆಸರಿದ್ದ ಜಾಗದಲ್ಲಿ ಈಗ ಅವರದೇ ಮುಖ ಕಾಣುತ್ತಿತ್ತು. ಆಮೇಲೆ ಗಡಿಯಾರವನ್ನು ಮೇಜಿನ ಮೇಲಿಟ್ಟು, ಕ್ಯಾಟಲಾಗನ್ನು ತಮ್ಮತ್ತ ಎಳೆದುಕೊಂಡರು.

"ಇದನ್ನು ನೀವು ಎಷ್ಟಕ್ಕಾದ್ರೂ ಮಾರಿಬಿಡಿ," ಎಂದರು ಹರಿನಾಥನಿಗೆ. "ಈ ಹಾಳೆ ನನಗೆ ಹರಿದು ಕೊಡ್ತೀರಾ?"