ಗೋಡೆಯ ಮೇಲಿನ ಊರು

ಗೋಡೆಯ ಮೇಲೆ ನಾಲ್ಕನೆಯ ಸಾಕ್ಷಿಯೂ "ನಾನೇನೂ ನೋಡಿಲ್ಲ" ಎಂದಾಗ ಪೂವಪ್ಪ ಕೈಯಲ್ಲಿದ್ದ ಚಹಾವನ್ನೇ ಮರೆತ. ಹಾಗೆಂದವಳು ಒಬ್ಬ ಅಜ್ಜಿ. ಹೇಳಿ ಮುಗಿಸಿ, ಪೊಲೀಸಿನವನ ಎದುರಿಗೇ ಕೂತು ಬ್ರೆಡ್ಡು ಕೊಯ್ಯತೊಡಗಿದಳು. ಒಂದು ಚೂರೂ ಕೆಳಗೆ ಬೀಳಲಿಲ್ಲ.

ಸಿನೆಮಾ ರಷ್ಯದ್ದು, ಆ ದೇಶ ಒಡೆದು ಹೋಳಾಗುವುದಕ್ಕೆ ನಾಲ್ಕೈದು ವರ್ಷ ಮುಂಚಿನದು. ಕೆಳಗಿನ ಮಹಡಿಯ ಗಲೀನಾ, ಅದೇ ದೇಶದವಳು, ಪೂವಪ್ಪನ ಮಗಳು ಅಕ್ಷಿತಾಳಿಗೆ ಪಿಯಾನೊ ಕಲಿಸುವವಳು, ಶುಕ್ರವಾರ ಮಧ್ಯಾಹ್ನ ಕಿಟಕಿಯ ಪರದೆ ಎಳೆದು ಪ್ರೊಜೆಕ್ಟರಿನಿಂದ ತನ್ನ ಮನೆಯ ಗೋಡೆಗೆ ಇಂಥವನ್ನು ಬಿಡುತ್ತಿದ್ದಳು. ಮಗಳನ್ನು ಕರೆದೊಯ್ಯಲು ಬಂದ ಪೂವಪ್ಪನನ್ನೂ ಇವತ್ತು ಕೂರಿಸಿದ್ದಳು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳ ಬೆನ್ನು ಹತ್ತಿ ಅವನು ಸ್ವಲ್ಪ ಹೊತ್ತು ಒದ್ದಾಡಿದ, ಆಮೇಲೆ ಬಿಟ್ಟುಬಿಟ್ಟ. ಓದುವ ಅಗತ್ಯವೇ ಇರಲಿಲ್ಲ. ಹಿಮದ ಊರು, ಒಂದು ಗಿರಣಿ. ಗಿರಣಿಯ ಮ್ಯಾನೇಜರನ ಕಾರು ಬೆಳ್ಳಂಬೆಳಗ್ಗೆ ಒಬ್ಬ ಹಮಾಲಿಯನ್ನು ಕೊಂದಿದೆ. ಬ್ರೆಡ್ಡಿಗಾಗಿ ಸಾಲು ನಿಂತಿದ್ದ ಇಡೀ ಊರು ಕಂಡಿದೆ. ಮೇಷ್ಟ್ರು, ಡಾಕ್ಟರು, ಸತ್ತವನ ಗೆಳೆಯ, ಅಜ್ಜಿ, ಒಬ್ಬೊಬ್ಬರೂ ಇಲ್ಲವೆನ್ನುತ್ತಾರೆ. ಯಾರೂ ಅಳುವುದಿಲ್ಲ. ಯಾರ ಮುಖದಲ್ಲೂ ಕೆಟ್ಟವರ ಕಳೆಯಿಲ್ಲ. ಅಬುಧಾಬಿಯ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತು ಗೋಳಿಬಜೆ ತಿನ್ನುವವರ ಮುಖಗಳವು. ಕೊನೆಗೆ ಪೊಲೀಸಿನವನೇ ಫೈಲು ಮುಚ್ಚಿ, ಯಾರೋ ಕೊಟ್ಟ ಹೊಸ ಬೂಟು ಹಾಕಿಕೊಂಡು ಹಿಮದಲ್ಲಿ ನಡೆದುಹೋಗುತ್ತಾನೆ. ಆ ಬೂಟಿನ ಕಿರ್ರೆನ್ನುವ ಸದ್ದಿಗೆ ಪೂವಪ್ಪನ ಮೈ ಜುಮ್ಮೆಂದಿತು. ಮನುಷ್ಯರ ಒಳಗನ್ನು ಹೀಗೆ ಬಿಚ್ಚಿ ತೋರಿಸಬಹುದೆಂದು ಅವನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಅವರಾರೂ ನಟರಲ್ಲ, ಆ ಊರಿನವರೇ ಎಂದಳು ಗಲೀನಾ. ಮತ್ತೆ ಅಷ್ಟು ಚೆನ್ನಾಗಿ ಹೇಗೆ ಕಲಿಸಿದರು ಎಂದು ಪೂವಪ್ಪ ಕೇಳಿದ. ಅವಳು ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತ, "ಅದನ್ನು ನಾವೆಲ್ಲ ಮನೆಯಲ್ಲೇ ಕಲಿತಿದ್ದೆವು" ಎಂದಳು.

ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಸೋಮವಾರ ಬೆಳಗ್ಗೆ ಇದೇ ಬಿಲ್ಡಿಂಗಿನ ನೆಲಮಾಳಿಗೆಯಲ್ಲಿ ವಾಚ್‌ಮನ್ ಅದ್ದು ಯಾರದೋ ಕಾರು ತೊಳೆಯುತ್ತಿದ್ದಾಗ, ಸುಜಿತನ ದೊಡ್ಡ ಗಾಡಿ ರಿವರ್ಸಿನಲ್ಲಿ ಬಂದು ಅವನನ್ನು ಕೆಡವಿತ್ತು. ಸೊಂಟದ ಮೂಳೆ ಮುರಿದಿತ್ತು. ಗಾಡಿ ನಿಲ್ಲಲಿಲ್ಲ. ಸ್ಕೂಲ್ ಬಸ್ಸಿಗೆ ಹೊರಟಿದ್ದ ಅಕ್ಷಿತಾ ಕಂಬದ ಮರೆಯಿಂದ ಎಲ್ಲವನ್ನೂ ಕಂಡಿದ್ದಳು. ಸುಜಿತ್ ಪೂವಪ್ಪನ ಬಾಸು. ಹಳೆಯ ಕಂಪೆನಿ ಮುಚ್ಚಿದಾಗ ವೀಸಾ ಕೊಡಿಸಿ ಸಂಸಾರವನ್ನು ಅಬುಧಾಬಿಯಲ್ಲಿ ಉಳಿಸಿದ ಪುಣ್ಯಾತ್ಮ. ಅದ್ದು ತಾನಾಗಿಯೇ ಬಿದ್ದ ಎಂದು ಸುಜಿತ್ ಎಲ್ಲರಿಗೂ ಹೇಳಿಬಿಟ್ಟಿದ್ದ. ಹಾಗೆಂದಾದರೆ ಅದ್ದುವಿಗೆ ಪರಿಹಾರವಿಲ್ಲ, ಸಿಗುವುದು ಊರಿನ ಟಿಕೆಟು, ಅಷ್ಟೇ. ಪೂವಪ್ಪ ಆ ಸಂಜೆ ಮಗಳನ್ನು ಎದುರು ಕೂರಿಸಿಕೊಂಡು, "ನೀನು ಎಂತದೂ ನೋಡಿಲ್ಲ, ಖಲಾಸ್" ಎಂದು ಮಗ್ಗಿಯ ಹಾಗೆ ಒಪ್ಪಿಸಿಕೊಂಡಿದ್ದ. ಮೊದಲ ದಿನ ಅವಳು ಅತ್ತಿದ್ದಳು.

ಈಗ ಲಿಫ್ಟಿನಲ್ಲಿ ಅವರಿಬ್ಬರೇ. ನಿಜ ಹೇಳಿಬಿಡೋಣ ಮಗಾ, ಆದದ್ದಾಗಲಿ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು.

"ಸೋ ಸ್ಲೋ, ಪಪ್ಪಾ. ನೋಬಡಿ ಈವನ್ ಫೈಟ್ಸ್," ಎಂದಳು ಅಕ್ಷಿತಾ. "ಆದ್ರೆ ಆ ಅಜ್ಜಿ ಸೂಪರ್."

ಒಂದೇ ಮಹಡಿಯ ದಾರಿ. ಬಾಗಿಲು ತೆರೆದೇಬಿಟ್ಟಿತು.

ಮನೆಯಲ್ಲಿ ಅದ್ದುವಿನ ತಂಗಿ ಜಮೀಲ ಬಂದು ಕೂತಿದ್ದಳು. ದುಬೈಯ ಯಾವುದೋ ಆಸ್ಪತ್ರೆಯಲ್ಲಿ ಆಯಾ ಕೆಲಸ. ರಜೆ ಕೇಳಿ ಬಸ್ಸು ಹಿಡಿದು ಬಂದಿದ್ದಳಂತೆ. ಪೂವಪ್ಪನ ಹೆಂಡತಿ ಜಲಜಾಕ್ಷಿ ಇಟ್ಟ ಶರಬತ್ತು ಮುಟ್ಟದೆ ಹಾಗೇ ಇತ್ತು. ಅಕ್ಷಿತಾಳನ್ನು ಕಂಡದ್ದೇ ಜಮೀಲ ಎದ್ದು ಅವಳ ಕೈ ಹಿಡಿದುಕೊಂಡಳು.

"ಮಗಾ, ಅಣ್ಣ ನಿನ್ನ ಹೆಸರೇ ಹೇಳ್ತಾ ಇದ್ದಾನೆ. ಗಾಡಿ ತಾಗಿದ್ದನ್ನು ನೀನು ನೋಡಿದ್ದಿ ಅಂತ. ಹೌದಾದ್ರೆ ಹೌದು ಹೇಳು, ಇಲ್ಲಾಂದ್ರೆ ಇಲ್ಲ ಹೇಳು. ನನಗೆ ಬೇಜಾರಿಲ್ಲ."

"ಜಮೀಲ, ಅದು ಎಂತ ಆದದ್ದೂಂದ್ರೆ..." ಎಂದು ಪೂವಪ್ಪ ಬಾಯಿ ತೆರೆದ.

ಮಗಳು ಅವನಿಗಿಂತ ಚುರುಕು. "ಇಲ್ಲ ಆಂಟಿ," ಎಂದಳು ಜಮೀಲಳ ಕಣ್ಣನ್ನೇ ನೋಡುತ್ತ. "ಗಾಡಿ ಎಂತ ಬರ್ಲಿಲ್ಲ. ನೆಲ ಪೂರ್ತಿ ಸೋಪಿನ ನೀರಿತ್ತು. ನಾನೂ ಜಾರ್ತಿದ್ದೆ, ಅದ್ದು ಅಂಕಲ್ಲೇ 'ಮೆಲ್ಲ ಹೋಗು ಮಗಾ' ಅಂದ್ರು." ಹೇಳುತ್ತ ಹೇಳುತ್ತ ಅವಳ ಕಣ್ಣಿನಲ್ಲಿ ತೆಳ್ಳಗೆ ನೀರೂ ಬಂತು.

ಪೂವಪ್ಪ ಬಿಟ್ಟ ಕಣ್ಣು ಬಿಟ್ಟ ಹಾಗೇ ಮಗಳನ್ನು ನೋಡಿದ. ಸೋಪಿನ ನೀರನ್ನು ಅವನು ಹೇಳಿಕೊಟ್ಟಿರಲಿಲ್ಲ. ಅದ್ದುವಿನ ದನಿಯನ್ನಂತೂ ಇಲ್ಲವೇ ಇಲ್ಲ.

ಜಮೀಲ ಹಿಡಿದಿದ್ದ ಕೈಯನ್ನು ಬಿಟ್ಟಳು. ಆಮೇಲೆ ಅಕ್ಷಿತಾಳ ತಲೆ ಸವರಿ, ತನ್ನ ತಲೆಯ ಮೇಲಿನ ಶಾಲು ಸರಿಮಾಡಿಕೊಂಡಳು. "ಮಗು ಯಾಕೆ ಸುಳ್ಳು ಹೇಳ್ತದೆ, ಪೂವಪ್ಪಣ್ಣ? ಅಣ್ಣನೇ ಸುಳ್ಳು ಹೇಳಿರಬೇಕು. ನನ್ನ ಹತ್ರವೂ." ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು.

ಜಲಜಾಕ್ಷಿ ಯಾರ ಮುಖವನ್ನೂ ನೋಡದೆ ಶರಬತ್ತಿನ ಲೋಟ ಎತ್ತಿಕೊಂಡು ಒಳಗೆ ನಡೆದಳು. ಅಕ್ಷಿತಾ ಕಣ್ಣೊರೆಸಿಕೊಂಡು ಅಪ್ಪನ ಕಡೆಗೆ ತಿರುಗಿದಳು, ಪರೀಕ್ಷೆ ಬರೆದು ಬಂದವಳ ಹಾಗೆ.

"ವಾಸ್ ದಟ್ ಓಕೆ, ಪಪ್ಪಾ?"

ಪೂವಪ್ಪನ ಕೈ ಬಾಗಿಲಿನ ಚಿಲಕದ ಮೇಲಿತ್ತು. ಹೊರಗೆ, ಜಮೀಲ ಕಾಯುತ್ತಿದ್ದ ಲಿಫ್ಟ್ ಇನ್ನೂ ಬಂದಿರಲಿಲ್ಲ.