ಬಾರದ ಫೋನು

ಗರಡಿಮನೆಯ ಉಸ್ತಾದನ ಗುಪ್ತಾಂಗದ ಮೇಲೆದ್ದ ಹುಣ್ಣು ಯಾವ ಮುಲಾಮಿಗೂ ಮಾಯಲಿಲ್ಲ. ಊರಿನ ಆಸ್ಪತ್ರೆಗೆ ಹೋದರೆ ಶಿಷ್ಯರೆಲ್ಲ ಬೆನ್ನ ಹಿಂದೆ ಕಿಸಕ್ಕೆನ್ನುತ್ತಾರೆ. ಯಾರಿಗೂ ಮಣಿಯದವನು ಕೊನೆಗೆ ಹೆಂಡತಿಯ ಕಣ್ಣೀರಿಗೆ ಸೋತು, ಗುರುತಿಲ್ಲದ ಊರಿನ ಬಸ್ಸು ಹತ್ತಿದ. ಅಲ್ಲಿನ ಆಸ್ಪತ್ರೆಯಲ್ಲಿ ತನ್ನ ಹೆಸರು ಚೆನ್ನಪ್ಪ ಎಂದ.

ಡಾಕ್ಟರು ಹುಣ್ಣಿನ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. "ಕೆಟ್ಟದ್ದೇನಾದ್ರೂ ಕಂಡ್ರೆ ನಾವೇ ಫೋನ್ ಮಾಡಿ ಕರೆಸ್ತೀವಿ. ಫೋನ್ ಬರಲಿಲ್ಲ ಅಂದ್ರೆ ನೆಮ್ಮದಿಯಾಗಿರಿ" ಎಂದರು.

ದಸರಾ ಕುಸ್ತಿ ಮುಗಿದು ಯುಗಾದಿ ಬಂತು. ಫೋನು ಬರಲಿಲ್ಲ. ಹುಣ್ಣು ಮಾತ್ರ ಹಬ್ಬುತ್ತಲೇ ಇತ್ತು.

"ಇನ್ನೊಂದ್ಸಲ ತೋರಿಸ್ಕೊಂಡು ಬನ್ನಿ, ನಿಮ್ಮ ದಮ್ಮಯ್ಯ" ಎಂದು ಹೆಂಡತಿ ಗೋಗರೆದಳು.

"ಕೆಟ್ಟದ್ದಿದ್ರೆ ಫೋನ್ ಮಾಡ್ತಿರಲಿಲ್ವಾ? ಡಾಕ್ಟ್ರಿಗಿಂತ ನೀನು ಹೆಚ್ಚು ತಿಳ್ಕೊಂಡಿದ್ದೀಯಾ?"

ಅವಳು, "ಅವ್ರ ಹತ್ರ ನಿಮ್ಮ ನಂಬರು ಇದೆ ತಾನೆ?" ಎಂದು ಕೇಳಿದಳು.

ಉಸ್ತಾದ ಮೀಸೆ ತೀಡಿಕೊಂಡು ನಕ್ಕ. "ಹೆದರ್ಬೇಡ ಕಣೇ, ನಮ್ಮ ಮರ್ಯಾದೆ ಎಲ್ಲೂ ಹೋಗಲ್ಲ. ಹೆಸರೇ ಸುಳ್ಳು ಹೇಳ್ದೋನು ನಂಬರ್ ನಿಜ ಕೊಡ್ತೀನಾ?"