ಮೈನಸ್ ನಾಲ್ಕು

"ಭಾವ, ನಾವೆಲ್ಲ ಒಂದು ದಾರಿ, ನಿಮ್ಮ ಸಿಂಥಸೈಜರೇ ಒಂದು ದಾರಿ! ಶ್ರುತಿ ಕೂಡ್ತಾನೇ ಇಲ್ಲ," ಎಂದು ಬಾಸ್ ಗಿಟಾರಿನ ಭಾವಮೈದುನ ಕೈಯೆತ್ತಿದ. ಜಾಝ್ ಫ್ಯೂಷನ್ ಆಲ್ಬಮ್ಮಿನ ಮೊದಲ ರೆಕಾರ್ಡಿಂಗ್ ಅರ್ಧಕ್ಕೇ ನಿಂತಿತು.

ಕೀಬೋರ್ಡ್ ವಾದಕ ಶ್ರುತಿ ತೋರಿಸುವ ಪುಟ್ಟ ಪರದೆ ನೋಡಿದ. ಮೈನಸ್ ನಾಲ್ಕು. ಹೆಂಡತಿ ತೀರಿಕೊಂಡ ಮೇಲೆ ಇವತ್ತೇ ಅವನು ಕೀಬೋರ್ಡ್ ಮುಟ್ಟಿದ್ದು. ಕಾಯಿಲೆಯಲ್ಲಿ ಹಾಡುವಾಗ ಅವಳ ದನಿ ಇಳಿದಂತೆಲ್ಲ ಅವನು ಗುಟ್ಟಾಗಿ ಬಟನ್ ಒತ್ತಿ, ಶ್ರುತಿಯನ್ನು ಒಂದೊಂದೇ ಮನೆ ಇಳಿಸುತ್ತಿದ್ದ. ಬಟನ್ನಿನ ಟಕ್ ಸದ್ದು ಅವಳಿಗೆ ಕೇಳಬಾರದೆಂದು ಪ್ರತಿ ಸಲವೂ ಕೆಮ್ಮುತ್ತಿದ್ದ. "ನೋಡಿ, ನನ್ನ ಗಂಟಲು ಮೊದಲಿನ ಹಾಗೇ ಇದೆ," ಎಂದು ಅವಳು ಬೀಗುತ್ತಿದ್ದಳು.

"ಸೊನ್ನೆಗೆ ತರ್ತೀನಿ ಇರು," ಎಂದು ಬಟನ್ ಒತ್ತಿದ. ಮೈನಸ್ ಮೂರು. ರೂಢಿಯಂತೆ ಕೆಮ್ಮಿದ. ಮೈನಸ್ ಎರಡು. ಮತ್ತೆ ಕೆಮ್ಮಿದ.

ಭಾವಮೈದುನ ಗಿಟಾರ್ ಕೆಳಗಿಟ್ಟ. "ಈ ಕೆಮ್ಮು ಅಕ್ಕನಿಗೆ ಗೊತ್ತಿತ್ತು ಭಾವ. 'ಅವರು ಕೆಮ್ಮಿದ್ರೆ ನಾನು ಒಂದು ಮನೆ ಇಳೀಬೇಕು ಕಣೋ. ಗೊತ್ತಾಯ್ತು ಅಂತ ಮಾತ್ರ ತೋರಿಸ್ಕೋಬಾರ್ದು, ಪಾಪ' ಅಂತಿದ್ಲು."

ಸೊನ್ನೆಗೆ ಇನ್ನೂ ಎರಡು ಮನೆ ಉಳಿದಿತ್ತು. ಅವನಿಗೆ ಕೆಮ್ಮು ಬರಲಿಲ್ಲ.